ಮುಟ್ಟುವ ಜಾಗ ಅಗಲ ಮಾಡಿದರೆ ಬಿರುಕು ನಿಲ್ಲುತ್ತದಾ?

ಪ್ರಶ್ನೆ: ಫ್ರೆಟ್ಟಿಂಗ್ ಫಟೀಗ್ (ಒತ್ತಿಕೊಂಡ ಎರಡು ಭಾಗಗಳು ಮತ್ತೆ ಮತ್ತೆ ತುಸು ಉಜ್ಜಿಕೊಂಡು ಬಿರುಕು ಬಿಡುವುದು) ಮಾಡೆಲ್ ಮಾಡುತ್ತಿದ್ದೇನೆ. ಕಾಂಟ್ಯಾಕ್ಟ್ ಏರಿಯಾ ಜಾಸ್ತಿ ಮಾಡಿದರೆ ಒತ್ತಡ ಇಳಿದು ಬಾಳಿಕೆ ಹೆಚ್ಚುತ್ತದೆ, ಅಲ್ವಾ?

ಅಷ್ಟು ಸಲೀಸಲ್ಲ. ಇದೇ ಪ್ರಶ್ನೆ ವೇಷ ಬದಲಿಸಿಕೊಂಡು ಬರುತ್ತಲೇ ಇರುತ್ತದೆ. ಈ ಸಲ ಬಿಡಿಸಿ ಬರೆದುಬಿಡುತ್ತೇನೆ.

ಲೋಡನ್ನು ಏರಿಯಾದಿಂದ ಭಾಗಿಸುವ ಅಭ್ಯಾಸವೇ ಇಲ್ಲಿ ದಾರಿ ತಪ್ಪಿಸುವುದು. ಭಾಗಿಸಿದರೆ ಸಿಗುವುದು ಸರಾಸರಿ. ಬಿರುಕಿಗೆ ಸರಾಸರಿ ಕಟ್ಟಿಕೊಂಡು ಏನಾಗಬೇಕು? ಚೂಪು ಅಂಚಿನ ಚಪ್ಪಟೆ ಪ್ಯಾಡನ್ನು (ಒತ್ತುವ ತುಂಡನ್ನು) ಲೋಹದ ಮೇಲೆ ಒತ್ತಿದರೆ, ಲೆಕ್ಕದ ಪ್ರಕಾರ ಅಂಚಿನಲ್ಲಿ ಒತ್ತಡಕ್ಕೆ ಮಿತಿಯೇ ಇಲ್ಲ. ಸಿಲಿಂಡರ್ ಒತ್ತಿದರೆ ನಡುವೆ ಗರಿಷ್ಠ, ಅಂಚಿನಲ್ಲಿ ಸೊನ್ನೆ.

ಹಾಗಾದರೆ ಸಿಲಿಂಡರಿನ ಅಂಚು ಸುರಕ್ಷಿತವೇ? ಅಲ್ಲ. ಅಡ್ಡ ಬಲ ಬಿದ್ದಾಗ ನಡುಭಾಗ ಕಚ್ಚಿಕೊಂಡಿರುತ್ತದೆ, ಅಂಚುಗಳು ಜಾರುತ್ತವೆ. ಇದನ್ನು 1938ರಲ್ಲಿ ಕಟ್ಟಾನಿಯೋ, 1949ರಲ್ಲಿ ಮಿಂಡ್ಲಿನ್ ಎಂಬ ಸಂಶೋಧಕರು ತೋರಿಸಿದ್ದಾರೆ. ಘರ್ಷಣೆ ಗುಣಾಂಕ 0.6, ಅಡ್ಡ ಬಲ ಒತ್ತುವ ಬಲದ 0.45 ಪಟ್ಟು ಅಂತಿಟ್ಟುಕೊಳ್ಳಿ. ಆಗ ನಡುವಿನ ಅರ್ಧ ಅಗಲ ಮಾತ್ರ ಕಚ್ಚಿರುತ್ತದೆ, ಎರಡೂ ಬದಿ ಕಾಲು ಕಾಲು ಭಾಗ ಜಾರುತ್ತದೆ. ಮೇಲ್ಮೈಯನ್ನು ಎಳೆಯುವ ಸ್ಟ್ರೆಸ್ (ಇದು ಲೋಹದೊಳಗಿನ ಎಳೆತ, ಮೇಲಿಂದ ಅದುಮುವ ಒತ್ತಡ ಬೇರೆ) ಅತಿ ಹೆಚ್ಚಾಗುವುದು ಒಂದು ಬದಿಯ ಅಂಚಿನಲ್ಲಿ, ಅಂದರೆ ಒತ್ತಡ ಸೊನ್ನೆ ಇರುವ ಜಾಗದಲ್ಲೇ!

ಆ ಸ್ಟ್ರೆಸ್‌ನ ಸೂತ್ರದಲ್ಲಿ ಇರುವುದು ಘರ್ಷಣೆ, ಗರಿಷ್ಠ ಒತ್ತಡ, ಎರಡು ಬಲಗಳ ಅನುಪಾತ. ಕಾಂಟ್ಯಾಕ್ಟ್‌ನ ಅಗಲ ನೇರವಾಗಿ ಇಲ್ಲವೇ ಇಲ್ಲ. ಗರಿಷ್ಠ ಒತ್ತಡ ಒಂದೇ ಇಟ್ಟರೆ ದೊಡ್ಡ ಸಿಲಿಂಡರಿಗೂ ಚಿಕ್ಕದಕ್ಕೂ ಮೇಲ್ಮೈ ಸ್ಟ್ರೆಸ್ ಒಂದೇ. ಬಾಳಿಕೆಯೂ ಒಂದೇ ಇರಬೇಕಲ್ವಾ? ಆಕ್ಸ್‌ಫರ್ಡ್‌ನಲ್ಲಿ 1973ರಲ್ಲಿ ಬ್ರಾಮ್‌ಹಾಲ್, 1988ರಲ್ಲಿ ನೋವೆಲ್ ಇದನ್ನೇ ಪರೀಕ್ಷಿಸಿದರು. ಚಿಕ್ಕ ತ್ರಿಜ್ಯದ ಸಿಲಿಂಡರ್ ಪ್ಯಾಡ್ ಒತ್ತಿದ ತುಂಡುಗಳು ಮುರಿಯಲೇ ಇಲ್ಲ. ದೊಡ್ಡ ಪ್ಯಾಡ್ ಒತ್ತಿದವು ಮುರಿದವು. ನಿಮ್ಮ ನಂಬಿಕೆಗೆ ಪೂರ್ತಿ ಉಲ್ಟಾ.

ಕಾರಣ ಆಳದಲ್ಲಿದೆ. ಕಾಂಟ್ಯಾಕ್ಟ್ ಕಿರಿದಾಗಿದ್ದರೆ ಸ್ಟ್ರೆಸ್ ಸ್ವಲ್ಪ ಕೆಳಗೇ ಕರಗಿಹೋಗುತ್ತದೆ. ಬಿರುಕು ಹುಟ್ಟಿದರೂ ಮುಂದೆ ತಳ್ಳುವವರಿಲ್ಲದೆ ನಿಂತುಬಿಡುತ್ತದೆ. ಅಗಲವಾದರೆ ಅದೇ ಸ್ಟ್ರೆಸ್ ಇನ್ನೂ ಆಳಕ್ಕೆ ಹೋಗುತ್ತದೆ, ಜಾರುವ ದೂರವೂ ಬೆಳೆಯುತ್ತದೆ.

“ನನ್ನ ಲೋಡ್ ಬದಲಾಗಲ್ಲ” ಅನ್ನುತ್ತೀರಾ? ನ್ಯಾಯವಾದ ಮಾತು. ಆಗ ತ್ರಿಜ್ಯ ನಾಲ್ಕು ಪಟ್ಟು ಮಾಡಿದರೆ ಗರಿಷ್ಠ ಒತ್ತಡ ಅರ್ಧಕ್ಕೆ ಇಳಿಯುತ್ತದೆ, ಅಗಲ ಎರಡು ಪಟ್ಟಾಗುತ್ತದೆ. ಒಂದು ಕಡೆ ಲಾಭ, ಇನ್ನೊಂದು ಕಡೆ ನಷ್ಟ. ಯಾವುದು ಗೆಲ್ಲುತ್ತದೆ ಅನ್ನುವುದನ್ನು ಲೆಕ್ಕ ಹಾಕಿಯೇ ನೋಡಬೇಕು, ಸುಮ್ನೆ ಊಹಿಸುವಂತಿಲ್ಲ.

ನೀವು ಕೇಳಿಲ್ಲ, ಆದರೂ ಮೆಶ್ (ಕಂಪ್ಯೂಟರ್ ಮಾಡೆಲನ್ನು ಎಲಿಮೆಂಟ್ ಎಂಬ ಸಣ್ಣ ತುಂಡುಗಳಾಗಿ ಹೆಣೆದ ಬಲೆ) ಬಗ್ಗೆ ಹೇಳಿಬಿಡುತ್ತೇನೆ. ಚೂಪು ಮೂಲೆಯನ್ನು ಹಾಗೇ ಬಿಟ್ಟು ಎಲಿಮೆಂಟ್ ಸಣ್ಣ ಮಾಡುತ್ತಾ ಹೋದರೆ ಸ್ಟ್ರೆಸ್ ಏರುತ್ತಲೇ ಇರುತ್ತದೆ, ಎಲ್ಲೂ ನಿಲ್ಲುವುದಿಲ್ಲ. ಸಾಫ್ಟ್‌ವೇರ್ ಬೈಯಬೇಡಿ, ಅದು ಸರಿಯಾಗೇ ಹೇಳುತ್ತಿದೆ. ನಿಜವಾದ ಬಿಡಿಭಾಗದ ಮೂಲೆಯ ತ್ರಿಜ್ಯ ಅಳೆದು ಮಾಡೆಲ್‌ಗೆ ಹಾಕಿ. ಒಂದೇ ನೋಡ್‌ನ (ಎಲಿಮೆಂಟ್‌ಗಳು ಕೂಡುವ ಬಿಂದುವಿನ) ಅಂಕಿ ಹಿಡಿದುಕೊಳ್ಳದೆ, ಲೋಹಕ್ಕೆ ತಕ್ಕ ಒಂದು ದೂರದವರೆಗೆ ಸ್ಟ್ರೆಸ್‌ನ ಸರಾಸರಿ ತೆಗೆಯಿರಿ. ಹೌದು, ಸರಾಸರಿಯೇ! ಆದರೆ ಇದು ಬಿರುಕು ಹೋಗುವ ದಾರಿಯುದ್ದಕ್ಕೂ ತೆಗೆದದ್ದು. ಇಡೀ ಏರಿಯಾದ್ದಲ್ಲ.