13ನೇ ರೌಂಡ್ ಇಲ್ಲದಿದ್ದರೆ?

1969ರಲ್ಲಿ ಅಮೆರಿಕದ ಮಯಾಮಿಯ ಒಂದು ಸ್ಟುಡಿಯೋದಲ್ಲಿ ಬಾಕ್ಸಿಂಗ್ ರಿಂಗ್ ಹಾಕಿದ್ದರು. ಒಂದು ಕಡೆ ಮೊಹಮ್ಮದ್ ಅಲಿ, ಇನ್ನೊಂದು ಕಡೆ ಹಳೆಯ ಚಾಂಪಿಯನ್ ರಾಕಿ ಮಾರ್ಸಿಯಾನೊ. ಮಾರ್ಸಿಯಾನೊ ನಿವೃತ್ತರಾಗಿ 13 ವರ್ಷ ಆಗಿತ್ತು. ಮೈ ಇಳಿಸಿಕೊಂಡು, ತಲೆಗೆ ವಿಗ್ ಇಟ್ಟುಕೊಂಡು ಬಂದಿದ್ದರು. ಅಲಿ ಸೈನ್ಯಕ್ಕೆ ಸೇರಲ್ಲ ಅಂದಿದ್ದಕ್ಕೆ 1967ರಲ್ಲೇ ಪಟ್ಟ ಕಳೆದುಕೊಂಡು, ಆಡಲು ಅವಕಾಶವಿಲ್ಲದೆ ಕೂತಿದ್ದರು. ಒಂದೊಂದು ನಿಮಿಷದ ಹತ್ತಾರು ರೌಂಡ್‌ಗಳನ್ನು ಕ್ಯಾಮೆರಾ ಮುಂದೆ ಇಬ್ಬರೂ ಆಡಿದರು. ಕೊನೆಯನ್ನು ಮಾತ್ರ ಬೇರೆ ಬೇರೆ ಥರ ಚಿತ್ರೀಕರಿಸಿದರು. ಯಾರು ಗೆಲ್ಲಬೇಕು ಅಂತ ಕಂಪ್ಯೂಟರ್ ಹೇಳಬೇಕಿತ್ತು.

1970ರ ಜನವರಿ 20ರಂದು ಅಮೆರಿಕದ ಥಿಯೇಟರ್‌ಗಳಲ್ಲಿ ಅದನ್ನು ತೋರಿಸಿದರು. 13ನೇ ರೌಂಡಿನಲ್ಲಿ ಅಲಿಯನ್ನು ನಾಕೌಟ್ ಮಾಡಿ ಮಾರ್ಸಿಯಾನೊ ಗೆದ್ದರು. ಯುರೋಪಿಗೆ ಹೋದ ಪ್ರತಿಯಲ್ಲಿ ಅಲಿ ಗೆದ್ದರು! ಮಾರ್ಸಿಯಾನೊ ಎರಡನ್ನೂ ನೋಡಲಿಲ್ಲ. 1969ರ ಆಗಸ್ಟ್ 31ರಂದೇ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು. ಮರುದಿನ ಅವರ 46ನೇ ಹುಟ್ಟುಹಬ್ಬವಿತ್ತು.

ಹೆವಿವೇಟ್‌ನಲ್ಲಿ, ಅಂದರೆ ಎಲ್ಲಕ್ಕಿಂತ ಹೆಚ್ಚು ತೂಕದವರ ವಿಭಾಗದಲ್ಲಿ, ಯಾರು ಎಲ್ಲರಿಗಿಂತ ದೊಡ್ಡವರು ಅನ್ನೋ ಜಗಳ ಇವತ್ತಿಗೂ ನಿಂತಿಲ್ಲ. ಜನ ಅಂಕಿ ಹಿಡಿದು ವಾದಕ್ಕೆ ಇಳಿಯುತ್ತಾರೆ. ಜೋ ಲೂಯಿಸ್ 1937ರಿಂದ 1949ರವರೆಗೆ ಚಾಂಪಿಯನ್, ಸತತ 25 ಸಲ ಪಟ್ಟ ಉಳಿಸಿಕೊಂಡರು. ಮಾರ್ಸಿಯಾನೊ ಆಡಿದ್ದು 49, ಗೆದ್ದಿದ್ದೂ 49. ಲ್ಯಾರಿ ಹೋಮ್ಸ್ 48 ಗೆದ್ದು 49ನೆಯದರಲ್ಲಿ ಸೋತರು. ಮೈಕ್ ಟೈಸನ್ 20ನೇ ವಯಸ್ಸಿಗೇ ಚಾಂಪಿಯನ್. ವ್ಲಾದಿಮಿರ್ ಕ್ಲಿಚ್ಕೊ 2006ರಿಂದ 2015ರವರೆಗೆ ಒಂಬತ್ತು ವರ್ಷಕ್ಕೂ ಜಾಸ್ತಿ ಅಲುಗಾಡಲಿಲ್ಲ. ಅಂಕಿ ಎಲ್ಲಾ ಸರಿ. ಆದರೆ ಅವು ಯಾವ ನಿಯಮದಲ್ಲಿ, ಯಾರ ಎದುರು ಬಂದವು ಅಂತ ನೋಡದಿದ್ದರೆ ಆ ಆಟಗಾರರಿಗೇ ಅನ್ಯಾಯ ಮಾಡಿದಂತೆ.

ರೌಂಡ್‌ಗಳನ್ನೇ ತೆಗೆದುಕೊಳ್ಳಿ. ಮೊದಲು ಪಟ್ಟದ ಪಂದ್ಯಕ್ಕೆ 15 ರೌಂಡ್. 1982ರ ನವೆಂಬರ್‌ನಲ್ಲಿ ಲಾಸ್ ವೇಗಸ್‌ನಲ್ಲಿ ರೇ ಮ್ಯಾನ್ಸಿನಿ ಎದುರು 14ನೇ ರೌಂಡಿನಲ್ಲಿ ಕುಸಿದ ಕೊರಿಯಾದ ಲೈಟ್‌ವೇಟ್ ಆಟಗಾರ ಕಿಮ್ ದುಕ್ ಕೂ ಕೆಲವೇ ದಿನಗಳಲ್ಲಿ ಸತ್ತುಹೋದರು. ಆಮೇಲೆ ಒಂದೊಂದೇ ಬಾಕ್ಸಿಂಗ್ ಸಂಸ್ಥೆ 12 ರೌಂಡಿಗೆ ಇಳಿಯಿತು. ಇಳಿಸಿದ್ದು ಸರಿಯೇ, ಅದರಲ್ಲಿ ನನಗೆ ಅನುಮಾನವಿಲ್ಲ.

ಈಗ ಆ ಅಳತೆಗೋಲನ್ನು ಹಿಂದಕ್ಕೆ ಹಿಡಿದು ನೋಡಿ. 1952ರ ಸೆಪ್ಟೆಂಬರ್ 23, ಫಿಲಡೆಲ್ಫಿಯಾ. ಚಾಂಪಿಯನ್ ಜೆರ್ಸಿ ಜೋ ವಾಲ್ಕಾಟ್‌ಗೆ ಆಗ 38 ವರ್ಷ. ಮೊದಲ ರೌಂಡಿನಲ್ಲೇ ಮಾರ್ಸಿಯಾನೊರನ್ನು ಕೆಳಗೆ ಬೀಳಿಸಿದರು. 12 ರೌಂಡ್ ಮುಗಿದಾಗ ಮೂವರು ತೀರ್ಪುಗಾರರ ಲೆಕ್ಕದಲ್ಲೂ ವಾಲ್ಕಾಟ್ ಮುಂದಿದ್ದರು. 13ರಲ್ಲಿ ವಾಲ್ಕಾಟ್ ಹಗ್ಗಕ್ಕೆ ಬೆನ್ನು ಕೊಟ್ಟರು. ಮಾರ್ಸಿಯಾನೊರ ಬಲಗೈ ಗುದ್ದು ಹತ್ತಿರದಿಂದಲೇ ದವಡೆಗೆ ಬಿತ್ತು. ವಾಲ್ಕಾಟ್ ಮಂಡಿ ಊರಿ, ಒಂದು ತೋಳು ಹಗ್ಗಕ್ಕೆ ಸಿಕ್ಕಿಕೊಂಡು, ಹಾಗೇ ಮುಂದಕ್ಕೆ ಬಾಗಿ ಕುಸಿದರು. ಇವತ್ತಿನ ನಿಯಮವಿದ್ದರೆ ಅಷ್ಟೊತ್ತಿಗೆ ಮಾರ್ಸಿಯಾನೊ ಸೋತು ಮನೆಗೆ ಹೋಗಿರುತ್ತಿದ್ದರು. 49ಕ್ಕೆ 49 ಅನ್ನೋ ದಾಖಲೆಯೇ ಇರುತ್ತಿರಲಿಲ್ಲ, ಅಲ್ವಾ?

ಲೂಯಿಸ್ ಕಥೆಯೂ ಅಷ್ಟೇ. 1941ರ ಜೂನ್‌ನಲ್ಲಿ ತಮಗಿಂತ ಎಷ್ಟೋ ಹಗುರವಿದ್ದ ಬಿಲ್ಲಿ ಕಾನ್ ಎದುರು 12 ರೌಂಡ್ ಆದಾಗ ಲೂಯಿಸ್ ಹಿಂದೆ ಬಿದ್ದಿದ್ದರು. ಅವರೂ 13ರಲ್ಲೇ ನಾಕೌಟ್ ಮಾಡಿ ಉಳಿದುಕೊಂಡರು. ಹಾಗಂತ ಇವು ಅದೃಷ್ಟದ ಗೆಲುವುಗಳಲ್ಲ. 15 ರೌಂಡ್ ಇದೆ ಅಂತ ಗೊತ್ತಿದ್ದೇ ಅವರು ಉಸಿರು ಉಳಿಸಿಕೊಂಡು ಆಡುತ್ತಿದ್ದರು. ಇವತ್ತಿನವರು 12ಕ್ಕೆ ತಕ್ಕಂತೆ ಆಡುತ್ತಾರೆ.

ಎದುರಾಳಿಗಳ ಮಾತು ಬಂದರೆ ಹಳೆಯ ದಾಖಲೆಗಳಲ್ಲಿ ದೊಡ್ಡ ತೂತಿದೆ. ಜಾನ್ ಎಲ್. ಸಲಿವನ್ ಚಾಂಪಿಯನ್ ಆಗಿದ್ದಾಗ ಕಪ್ಪು ಆಟಗಾರರ ಜೊತೆ ಆಡಲ್ಲ ಅಂತ ಬಹಿರಂಗವಾಗಿ ಹೇಳಿದ್ದರು. 1908ರಲ್ಲಿ ಸಿಡ್ನಿಯಲ್ಲಿ ಜ್ಯಾಕ್ ಜಾನ್ಸನ್ ಗೆಲ್ಲುವವರೆಗೆ ಯಾವ ಕಪ್ಪು ಆಟಗಾರನೂ ಹೆವಿವೇಟ್ ಚಾಂಪಿಯನ್ ಆಗಿರಲಿಲ್ಲ. ಏಳು ವರ್ಷ ಪಟ್ಟದಲ್ಲಿದ್ದ ಜ್ಯಾಕ್ ಡೆಂಪ್ಸಿ ಕೂಡ ಬಲಶಾಲಿ ಕಪ್ಪು ಆಟಗಾರ ಹ್ಯಾರಿ ವಿಲ್ಸ್ ಜೊತೆ ಒಮ್ಮೆಯೂ ಆಡಲಿಲ್ಲ. ಬಲಶಾಲಿಗಳನ್ನೇ ಹೊರಗಿಟ್ಟ ಆಳ್ವಿಕೆಯನ್ನು ನಾನು ಪೂರ್ತಿ ಲೆಕ್ಕಕ್ಕೆ ತೆಗೆದುಕೊಳ್ಳಲಾರೆ.

ಈಚಿನ ಕಾಲದ ತೊಂದರೆ ಬೆಲ್ಟ್‌ಗಳದು. ಈಗ ನಾಲ್ಕು ದೊಡ್ಡ ಸಂಸ್ಥೆಗಳಿವೆ, ಒಂದೊಂದಕ್ಕೂ ಒಬ್ಬ ಚಾಂಪಿಯನ್, ಒಂದು ಬೆಲ್ಟ್. ವ್ಲಾದಿಮಿರ್ ಆಳುತ್ತಿದ್ದಾಗ ಒಂದು ಬೆಲ್ಟ್ ಸ್ವಂತ ಅಣ್ಣ ವಿಟಾಲಿ ಹತ್ತಿರವಿತ್ತು. ಒಬ್ಬರೆದುರು ಒಬ್ಬರು ಆಡಲ್ಲ ಅಂತ ತಾಯಿಗೆ ಮಾತು ಕೊಟ್ಟಿದ್ದರು. ಲೂಯಿಸ್ ಕಾಲದಲ್ಲಿ ಇಡೀ ಜಗತ್ತಿಗೆ ಒಬ್ಬನೇ ಚಾಂಪಿಯನ್. 1940ರ ಡಿಸೆಂಬರ್‌ನಿಂದ 1941ರ ಜೂನ್‌ವರೆಗೆ ತಿಂಗಳಿಗೊಬ್ಬರಂತೆ ಏಳು ಜನರ ಎದುರು ಅವರು ಪಟ್ಟವನ್ನು ಪಣಕ್ಕಿಟ್ಟರು. ಅದರಲ್ಲಿ ಕೆಲವರು ಸಾಧಾರಣದವರು, ನಿಜ. ಆದರೂ ತಮ್ಮ ಕಾಲವನ್ನು ಅಷ್ಟು ಪೂರ್ತಿಯಾಗಿ ಆಳಿದವರು ಇನ್ನೊಬ್ಬರಿಲ್ಲ ಅಂತಲೇ ನನ್ನ ನಂಬಿಕೆ.

ಆ ಲೂಯಿಸ್ 198 ಸೆಂ.ಮೀ. ಎತ್ತರದ, 110 ಕೆ.ಜಿ. ಆಸುಪಾಸಿನ ವ್ಲಾದಿಮಿರ್‌ರನ್ನು ಸೋಲಿಸುತ್ತಿದ್ದರೇ? ಲೂಯಿಸ್ 90 ಕೆ.ಜಿ., ಮಾರ್ಸಿಯಾನೊ ಸುಮಾರು 84. ಈಗಿನ ಲೆಕ್ಕದಲ್ಲಿ ಇಬ್ಬರೂ ಹೆವಿವೇಟ್‌ಗಿಂತ ಒಂದು ಮೆಟ್ಟಿಲು ಕೆಳಗಿನ ತೂಕದ ವಿಭಾಗವಾದ ಕ್ರೂಸರ್‌ವೇಟ್‌ಗೆ ಬರುತ್ತಾರೆ. ಆದರೆ ಅದೇ ಕ್ರೂಸರ್‌ವೇಟ್‌ನಿಂದ ಮೇಲೆ ಬಂದ ಒಲೆಕ್ಸಾಂಡರ್ ಉಸಿಕ್, 2024ರ ಮೇನಲ್ಲಿ 206 ಸೆಂ.ಮೀ. ಎತ್ತರದ ಟೈಸನ್ ಫ್ಯೂರಿಯನ್ನು ಸೋಲಿಸಿ ನಾಲ್ಕೂ ಬೆಲ್ಟ್ ಗೆದ್ದರು.

ಕಾಲ ಕಾಲಗಳು ನಿಜವಾದ ರಿಂಗಿನಲ್ಲೇ ಎದುರಾದದ್ದೂ ಉಂಟು. 1951ರ ಅಕ್ಟೋಬರ್‌ನಲ್ಲಿ 37ರ ಲೂಯಿಸ್ ಎದುರು 28ರ ಮಾರ್ಸಿಯಾನೊ ನಿಂತರು. ಲೂಯಿಸ್‌ಗೆ ಆಗ ತೆರಿಗೆ ಸಾಲ ಕುತ್ತಿಗೆಗೆ ಬಂದಿತ್ತು, ಅದಕ್ಕೇ ಆಡಬೇಕಾಗಿತ್ತು. 8ನೇ ರೌಂಡಿನಲ್ಲಿ ಹಗ್ಗಗಳ ನಡುವಿನಿಂದ ರಿಂಗಿನ ಅಂಚಿಗೆ ಬಿದ್ದರು. ಆಮೇಲೆ ಲೂಯಿಸ್ ಇದ್ದ ಕೋಣೆಗೆ ಹೋದ ಮಾರ್ಸಿಯಾನೊ, ಗೆದ್ದವರೇ, ಅತ್ತುಬಿಟ್ಟರು.