ಬಿಲ್ಲಿನಾಚೆಗೆ ಮರ ಬೆಳೆದ ನೆಲವನ್ನೂ ನೋಡಿ

ಗದಗ-ಬೆಟಗೇರಿಯ ಮುದ್ರಕರು, ಹುಬ್ಬಳ್ಳಿಯ ರಟ್ಟಿನ ಪೆಟ್ಟಿಗೆ ತಯಾರಕರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚೂ ಕಡಿಮೆ ಒಂದೇ: ‘ಸರ್, ಪ್ರಮಾಣಿತ ಕಾಗದವನ್ನೇ ಕೊಂಡಿದ್ದೇವೆ. ಪೆಟ್ಟಿಗೆಯ ಮೇಲೆ ಎಫ್‌ಎಸ್‌ಸಿ ಗುರುತು ಅಚ್ಚು ಹಾಕಬಹುದಲ್ಲವೇ?’ ಎಫ್‌ಎಸ್‌ಸಿ ಎಂದರೆ ಫಾರೆಸ್ಟ್ ಸ್ಟೀವರ್ಡ್‌ಶಿಪ್ ಕೌನ್ಸಿಲ್; ಮರ ಹೊಣೆಯರಿತು ನಿರ್ವಹಿಸಿದ ಕಾಡು-ತೋಪಿನದೆಂದು ಪ್ರಮಾಣೀಕರಿಸಲು ನಿಯಮ ರೂಪಿಸುವ ಅಂತರರಾಷ್ಟ್ರೀಯ ಸಂಸ್ಥೆ. ವಿದೇಶದ ಗ್ರಾಹಕನ ಒತ್ತಡ ನನಗೆ ಅರ್ಥವಾಗುತ್ತದೆ. ಆದರೆ ನಿಮಗೇ ಪ್ರಮಾಣಪತ್ರ ಇಲ್ಲದಿದ್ದರೆ ಹಾಕುವಂತಿಲ್ಲ.

ತೋಪಿನಿಂದ ಕಾರ್ಖಾನೆಗೆ, ಅಲ್ಲಿಂದ ವ್ಯಾಪಾರಿಗೆ, ಮುದ್ರಕನಿಗೆ ಸರಕಿನ ಒಡೆತನ ಬದಲಾದಂತೆಲ್ಲ ಪ್ರತಿಯೊಬ್ಬರಿಗೂ ಪ್ರಮಾಣಪತ್ರ ಬೇಕು. ನಡುವೆ ಒಬ್ಬರಿಗೆ ಇಲ್ಲದಿದ್ದರೂ ಸರಪಳಿ ಅಲ್ಲಿಗೇ ತುಂಡಾಗುತ್ತದೆ. ಹಾಗಾಗಿ ನಾನು ಮೊದಲು ಕೇಳುವುದು ಖರೀದಿ ಬಿಲ್ಲನ್ನು. ಬಿಲ್ಲಿನ ತಲೆಯಲ್ಲಿ ಲಾಂಛನ ಇದ್ದರೆ ಸಾಲದು. ಮಾರಿದವರ ಪ್ರಮಾಣಪತ್ರದ ಸಂಖ್ಯೆ ಇರಬೇಕು. ಯಾವ ಕಾಗದಕ್ಕೆ ಅದು ಅನ್ವಯಿಸುತ್ತದೆ, ‘ಎಫ್‌ಎಸ್‌ಸಿ 100%’ ಅಥವಾ ‘ಎಫ್‌ಎಸ್‌ಸಿ ಮಿಕ್ಸ್’ ಎಂಬುದು ಸ್ಪಷ್ಟವಾಗಿರಬೇಕು. ಆ ಸಂಖ್ಯೆ ಚಾಲ್ತಿಯಲ್ಲಿದೆಯೇ ಎಂದು ಸಂಸ್ಥೆಯ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಆಮೇಲೆ ಗೋದಾಮು: ಕೊಂಡದ್ದು, ಕತ್ತರಿಸುವಾಗ ಹಾಳಾದದ್ದು, ಮಾರಿದ್ದು, ಉಳಿದದ್ದು ತಾಳೆಯಾಗಬೇಕು.

ಮಿಕ್ಸ್ ಎಂದರೆ ಎಲ್ಲ ನಾರೂ ಪ್ರಮಾಣಿತ ಕಾಡಿನದೆಂದು ಅರ್ಥವಲ್ಲ. ಮರುಬಳಕೆಯ ನಾರು ಸೇರಿರಬಹುದು; ಅಕ್ರಮವಾಗಿ ಕಡಿದದ್ದಲ್ಲ, ಜನರ ಹಕ್ಕು ಕಸಿದು ತಂದದ್ದಲ್ಲ ಎಂಬಂಥ ಕೆಲವು ಅಂಶಗಳ ಮಟ್ಟಿಗೆ ಪರಿಶೀಲಿಸಿದ ಮರವೂ ಸೇರಿರಬಹುದು. ಗ್ರಾಹಕರಿಗೆ ಇದನ್ನು ಹೇಳಿಯೇ ಮಾರಬೇಕು.

ಈ ಕಾಗದಪತ್ರದ ಶಿಸ್ತನ್ನು ಯಾರಾದರೂ ಕಲಿಯಬಹುದು. ನನ್ನ ಮನಸ್ಸು ಹೆಚ್ಚು ನಿಲ್ಲುವುದು ಸರಪಳಿಯ ಆ ತುದಿಯಲ್ಲಿ, ಮರ ಬೆಳೆದ ನೆಲದಲ್ಲಿ. ಎಫ್‌ಎಸ್‌ಸಿ ಹುಟ್ಟಿದ್ದು 1993ರಲ್ಲಿ. ಅದಕ್ಕೂ ಆರು ವರ್ಷ ಮೊದಲೇ, 1987ರ ನವೆಂಬರ್ 14ರಂದು, ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನರು ನೀಲಗಿರಿ ಸಸಿಗಳನ್ನು ಕಿತ್ತು ತಮಗೆ ಬೇಕಾದ ಗಿಡಗಳನ್ನು ನೆಟ್ಟಿದ್ದರು. ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹವೆಂದು ನಮ್ಮ ಭಾಗದ ಹಿರಿಯರಿಗೆ ಅದು ಇನ್ನೂ ನೆನಪಿದೆ. ದನ ಮೇಯುತ್ತಿದ್ದ, ಸೌದೆ ಸಿಗುತ್ತಿದ್ದ ಊರೊಟ್ಟಿನ ಭೂಮಿಯಲ್ಲಿ ಕಾರ್ಖಾನೆಯ ತಿರುಳಿಗಾಗಿ ನೀಲಗಿರಿ ಬೆಳೆಸಲು 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಕಂಪನಿ ರಚನೆಯಾಗಿತ್ತು. ಅದರಲ್ಲಿ ಸರಕಾರದ್ದೂ ಪಾಲಿತ್ತು. ಸರಕಾರವೇ ಒಪ್ಪಿದ ಮಾತ್ರಕ್ಕೆ ಊರು ಒಪ್ಪಿದಂತಲ್ಲ ಎಂಬುದನ್ನು ಕುಸನೂರು ತೋರಿಸಿತು. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಮುನ್ನಡೆಸಿದ ಹೋರಾಟದ ಫಲವಾಗಿ 1991ರಲ್ಲಿ ಕಂಪನಿಯನ್ನು ಮುಚ್ಚುವ ತೀರ್ಮಾನವಾಯಿತು.

ಎಫ್‌ಎಸ್‌ಸಿಯ ಹತ್ತು ತತ್ವಗಳಲ್ಲಿ ಕಾನೂನು ಪಾಲನೆಯ ಜತೆಗೆ ಸ್ಥಳೀಯ ಸಮುದಾಯದ ಹಕ್ಕಿಗೂ ಪ್ರತ್ಯೇಕ ಸ್ಥಾನವಿದೆ. ಪರಿಶೀಲನೆಗೆ ಹೋದವರು ಮರದ ಸುತ್ತಳತೆ ಅಳೆದು ವಾಪಸಾಗಬಾರದು; ಕುರಿಗಾರರನ್ನು, ಕಟ್ಟಿಗೆ ತರುವ ಹೆಣ್ಣುಮಕ್ಕಳನ್ನು ಮ್ಯಾನೇಜರ್ ಎದುರಿಗಿಲ್ಲದಾಗ ಮಾತನಾಡಿಸಬೇಕು.

ಬದುವಿನಲ್ಲಿ ತೇಗ, ಹೆಬ್ಬೇವು ಬೆಳೆಸಿದ ಸಣ್ಣ ರೈತರು ಒಬ್ಬೊಬ್ಬರೇ ಪ್ರಮಾಣಪತ್ರದ ಖರ್ಚು ಹೊರಲಾರರು. ಅವರಿಗೆ, ಹಲವರು ಸೇರಿ ಒಂದೇ ಪತ್ರ ಪಡೆಯುವ ಗುಂಪು ಪ್ರಮಾಣೀಕರಣವಿದೆ: ಪತ್ರ ಐದು ವರ್ಷದ್ದು, ಪರಿಶೀಲನೆ ಪ್ರತಿ ವರ್ಷ. ಆದರೆ ಆ ಪತ್ರ ಗುಂಪು ನಡೆಸುವವರ ಹೆಸರಿನಲ್ಲಿರುತ್ತದೆ, ರೈತರ ಹೆಸರಿನಲ್ಲಲ್ಲ. ನಡೆಸುವವರು ಮರ ಕೊಳ್ಳುವ ಕಾರ್ಖಾನೆಯವರೇ ಆಗಿದ್ದರೆ, ಬೇರೆಯವರಿಗೂ ಪ್ರಮಾಣಿತ ಮರವೆಂದೇ ಮಾರಬಹುದೇ, ಹೆಚ್ಚುವರಿ ಬೆಲೆ ಎಷ್ಟು, ಗುಂಪಿನಿಂದ ಹೊರಬರುವುದು ಹೇಗೆ ಎಂಬುದನ್ನು ಸಹಿ ಹಾಕುವ ಮುನ್ನವೇ ಕನ್ನಡದಲ್ಲಿ ಬರೆಸಿಕೊಳ್ಳಿ.