ಚೀಪುವ ಗುಳಿಗೆ ದನಿಯವರೆಗೆ ಹೋಗುತ್ತದೆಯೇ?

ಕಛೇರಿಗೆ ಇನ್ನು ಹತ್ತು ನಿಮಿಷ ಇದೆ ಎನ್ನುವಾಗ ಹಾಡುಗಾರರು ಏನೋ ಒಂದನ್ನು ಬಾಯಿಗೆ ಹಾಕಿಕೊಳ್ಳುವುದನ್ನು ನೋಡಿರುತ್ತೀರಿ. ಒಬ್ಬರಿಗೆ ಲವಂಗ, ಒಬ್ಬರಿಗೆ ಜೇಷ್ಠಮಧುವಿನ ತುಂಡು, ಇನ್ನೊಬ್ಬರಿಗೆ ಕಲ್ಲುಸಕ್ಕರೆ ಜೊತೆ ಎರಡು ಕಾಳುಮೆಣಸು. ಈಗ ಮೆಡಿಕಲ್ ಶಾಪಿನ ಗುಳಿಗೆಯೂ ಸೇರಿಕೊಂಡಿದೆ. ದಿನವಿಡೀ ಪಾಠ ಮಾಡುವ ಮೇಷ್ಟ್ರು, ರಾತ್ರಿಯೆಲ್ಲ ಪದ ಹೇಳುವ ಯಕ್ಷಗಾನದ ಭಾಗವತರು, ಬಸ್ಸಿನಲ್ಲಿ ಕೂಗುವ ಕಂಡಕ್ಟರು, ಎಲ್ಲರಿಗೂ ಗಂಟಲೇ ಬಂಡವಾಳ ಅಲ್ವಾ?

ಗುಳಿಗೆಯ ರಸ ಇಳಿದು ಧ್ವನಿತಂತುಗಳನ್ನು ನೆನೆಸುತ್ತದೆ ಎಂದು ತುಂಬಾ ಜನ ನಂಬಿದ್ದಾರೆ. ಹಾಗಾಗುವುದಿಲ್ಲ. ಧ್ವನಿತಂತುಗಳು ಇರುವುದು ಉಸಿರಿನ ದಾರಿಯಲ್ಲಿ. ನಾವು ನುಂಗುವುದೆಲ್ಲ ಹೋಗುವುದು ಅದರ ಹಿಂದಿರುವ ಅನ್ನನಾಳಕ್ಕೆ. ನುಂಗುವ ಕ್ಷಣದಲ್ಲಿ ಎಪಿಗ್ಲಾಟಿಸ್ ಎಂಬ ಮುಚ್ಚಳ ಬಾಗುತ್ತದೆ, ತಂತುಗಳೂ ಬಿಗಿಯಾಗಿ ಮುಚ್ಚಿಕೊಳ್ಳುತ್ತವೆ. ತಪ್ಪಿ ಒಂದು ಹನಿ ಅತ್ತ ಹೋದರೆ ಏನಾಗುತ್ತದೆ ಎಂದು ನಮಗೆಲ್ಲ ಗೊತ್ತು. ನೆತ್ತಿಗೆ ಹತ್ತುತ್ತದೆ, ಕೆಮ್ಮು ಬಿಡದೆ ಬರುತ್ತದೆ.

ಹಾಗಾದರೆ ಸಿಗುವ ಆರಾಮ ಸುಳ್ಳೇ? ಅಲ್ಲ. ಏನನ್ನು ಚೀಪಿದರೂ ಬಾಯಲ್ಲಿ ನೀರೂರುತ್ತದೆ. ಒಣಗಿದ ಗಂಟಲಿಗೆ ಅದು ಹಿತ. ಮತ್ತೆ ಮತ್ತೆ ನುಂಗುವುದರಿಂದ ಅಂಟಿದ ಕಫವೂ ಸರಿಯುತ್ತದೆ, ಕೆರೆತ ಕಡಿಮೆಯಾಗುತ್ತದೆ. ಇದರಿಂದ ಇನ್ನೊಂದು ಲಾಭವಿದೆ. ಕೆರೆತ ಇಲ್ಲದಿದ್ದರೆ 'ಹ್ಹೂಂ, ಹ್ಹೂಂ' ಎಂದು ಗಂಟಲು ಸರಿ ಮಾಡಿಕೊಳ್ಳುವ ಚಾಳಿ ತಪ್ಪುತ್ತದೆ. ಹಾಗೆ ಮಾಡಿದಾಗಲೆಲ್ಲ ಎರಡು ತಂತುಗಳು ಜೋರಾಗಿ ಒಂದಕ್ಕೊಂದು ಬಡಿದುಕೊಳ್ಳುತ್ತವೆ. ಹಾಡುವಾಗಲೇ ಅವು ಸೆಕೆಂಡಿಗೆ ನೂರಾರು ಸಲ ತಾಗುತ್ತಿರುತ್ತವೆ, ಅದರ ಮೇಲೆ ಈ ಪೆಟ್ಟು ಬೇರೆ.

ಪುದೀನಾ ಜಾತಿಯ ಗುಳಿಗೆಯಲ್ಲಿ ತಣ್ಣಗೆನಿಸುವುದು ಮೆಂಥಾಲ್‌ನಿಂದ. ಅದು ಗಂಟಲನ್ನು ತಂಪು ಮಾಡುವುದೇ ಇಲ್ಲ. ಚಳಿಯನ್ನು ಗುರುತಿಸುವ ನರಗಳಲ್ಲಿ ಟಿಆರ್‌ಪಿಎಂ8 ಎಂಬ ಪ್ರೋಟೀನ್ ಇದೆ. ಮೆಂಥಾಲ್ ಅದನ್ನೇ ಕೆಣಕುತ್ತದೆ, ಮಿದುಳು 'ತಣ್ಣಗಿದೆ' ಎಂದುಕೊಳ್ಳುತ್ತದೆ. 2002ರಲ್ಲಿ ಇದನ್ನು ಬೇರೆ ಬೇರೆಯಾಗಿ ಪತ್ತೆ ಮಾಡಿದ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ 2021ರಲ್ಲಿ ನೊಬೆಲ್ ಹಂಚಿಕೊಂಡರು. ಮೂಗು ಬಿಟ್ಟಂತೆ ಅನಿಸುವುದೂ ಇದೇ ಕಾರಣಕ್ಕೆ. ನಿಜವಾಗಿ ದಾರಿ ಅಷ್ಟೇ ಕಿರಿದಾಗಿರುತ್ತದೆ.

ನನಗೆ ಜಾಸ್ತಿ ಚಿಂತೆ ಇರುವುದು ಮರಗಟ್ಟಿಸುವ ಗುಳಿಗೆಗಳ ಬಗ್ಗೆ. ಕೆಲವದರಲ್ಲಿ ಬೆಂಜೋಕೇನ್‌ನಂಥ ಔಷಧಿ ಇರುತ್ತದೆ. ನಮ್ಮ ಲವಂಗದ ಯೂಜಿನಾಲ್ ಕೂಡ ಸ್ವಲ್ಪ ಅದೇ ಕೆಲಸ ಮಾಡುತ್ತದೆ. ಗಂಟಲು ನೋಯುವುದು 'ಸಾಕು, ನಿಲ್ಲಿಸು' ಎಂದು ದೇಹ ಹೇಳುವ ರೀತಿ. ಆ ಮಾತನ್ನೇ ಅಡಗಿಸಿ ಮೇಲಿನ ಷಡ್ಜಕ್ಕೆ ಹೋದರೆ ಊದಿದ ತಂತುಗಳಿಗೆ ಗಾಯವಾಗಬಹುದು. ಕಛೇರಿಗೆ ಮುಂಚೆ ಅಂಥ ಗುಳಿಗೆ ಬೇಡವೇ ಬೇಡ.

ಜೇಷ್ಠಮಧುವಿಗೂ ಮಿತಿ ಇದೆ. ಅದರ ಸಿಹಿ ಬರುವುದು ಸಕ್ಕರೆಗಿಂತ 30ರಿಂದ 50 ಪಟ್ಟು ಸಿಹಿಯಾದ ಗ್ಲಿಸಿರೈಜಿನ್‌ನಿಂದ. ವಾರಗಟ್ಟಲೆ ದಿನಾ ಜಾಸ್ತಿ ತಿಂದರೆ ಅದು ಪೊಟ್ಯಾಸಿಯಂ ಇಳಿಸಿ, ಬಿಪಿ ಏರಿಸುತ್ತದೆ. ಬಿಪಿ ಇರುವವರು ದೂರ ಇಟ್ಟರೆ ಒಳ್ಳೆಯದು.

ತಂತುಗಳನ್ನು ನೇರವಾಗಿ ಮುಟ್ಟುವುದು ಉಸಿರಿನ ಜೊತೆ ಹೋಗುವ ಹಬೆ ಮಾತ್ರ. ಕುಡಿದ ನೀರೂ ಅಲ್ಲಿಗೆ ತಲುಪುತ್ತದೆ, ಆದರೆ ರಕ್ತದ ಮೂಲಕ ಸುತ್ತಿ ಬರಬೇಕು. ವೇದಿಕೆ ಮೇಲೆ ಕುಡಿದ ಎರಡು ಗುಟುಕು ಆ ಹೊತ್ತಿಗೆ ಬಾಯನ್ನಷ್ಟೇ ಒದ್ದೆ ಮಾಡುತ್ತದೆ. ಸಂಜೆ ಹಾಡುವುದಿದ್ದರೆ ಬೆಳಿಗ್ಗೆಯಿಂದಲೇ ಆಗಾಗ ನೀರು ಕುಡಿಯಬೇಕು.

ದನಿ ಒಡೆದು ಮೂರು ವಾರವಾದರೂ ಸರಿಹೋಗದಿದ್ದರೆ ಸುಮ್ನೆ ಗುಳಿಗೆ ಬದಲಿಸುತ್ತ ಕೂರಬೇಡಿ. ಕಿವಿ-ಮೂಗು-ಗಂಟಲು ವೈದ್ಯರು ಸಣ್ಣ ಕ್ಯಾಮೆರಾದಿಂದ ತಂತುಗಳನ್ನೇ ನೋಡುತ್ತಾರೆ. ಕೂಗಿ ಕೂಗಿ ಆದ ಪುಟ್ಟ ಗಂಟುಗಳಾದರೆ ಎಷ್ಟೋ ಸಲ ಆಪರೇಷನ್ ಬೇಕಾಗುವುದಿಲ್ಲ. ದನಿಗೆ ವಿಶ್ರಾಂತಿ ಕೊಟ್ಟು, ಹೇಳಿಸಿಕೊಂಡು ಸರಿಯಾಗಿ ಅಭ್ಯಾಸ ಮಾಡಿದರೆ ಅವು ಕರಗುತ್ತವೆ.